ಹುಣಸೆಹಣ್ಣಿನಲ್ಲಿ ನೆನೆದ ಕಬ್ಬಿಣ

ನಮ್ಮ ಮನೆಗೆ ಹೊಸಬರು ಯಾರಾದರೂ ಊಟಕ್ಕೆ ಬಂದರೆ ನನ್ನ ಗಂಡ ನನ್ನನ್ನು ಪರಿಚಯ ಮಾಡಿಕೊಡುತ್ತಿದ್ದ ರೀತಿ ಒಂದೇ. "ಇಕಿಗೆ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ತುಕ್ಕು ಹಿಡಿದಿದ್ದು ಒಂದು ವಾಶರ್ ತಂದುಕೊಟ್ರ ಸಾಕು, ವಾರಗಟ್ಟಲೆ ಖುಷಿಯಾಗಿರ್ತಾಳ." ಬಂದವರು ನಗುತ್ತಿದ್ದರು. ನಾನೂ ಹಲ್ಲು ಕಿರಿದು ಚಪಾತಿ ಬಡಿಸುತ್ತಿದ್ದೆ. ನನಗೆ ಅದು ಹಿಡಿಸುತ್ತಿರಲಿಲ್ಲ. ಹೇಳಿದರೆ, ಒಂದು ತಮಾಷೆಯನ್ನೂ ತಡೆದುಕೊಳ್ಳಲಾರದವಳು ಎಂಬ ಹೆಸರು ಬೇರೆ.

ಅವನು ವಾಶರ್ ಎನ್ನುತ್ತಿದ್ದದ್ದು ಜಪಾನಿನ ಹಳೆಯ ಕತ್ತಿಗಳ ತಟ್ಟೆಯನ್ನು. ಅಲಗು ಮುಗಿದು ಹಿಡಿ ಶುರುವಾಗುವಲ್ಲಿ, ಕೈ ಜಾರಿ ಅಲಗಿನ ಮೇಲೆ ಹೋಗದಂತೆ ಅಡ್ಡಲಾಗಿ ಕೂರುವ ಅಂಗೈಯಗಲದ ಬಿಲ್ಲೆ ಅದು. ಜಪಾನಿಯರು ತ್ಸುಬಾ ಎನ್ನುತ್ತಾರೆ. ನಡುವೆ ಅಲಗು ತೂರಿಸಲು ಒಂದು ಸೀಳು, ಸುತ್ತ ಆರಪಾರ ಕೊರೆದ ಚಿತ್ತಾರ. ಹಕ್ಕಿ, ಚಕ್ರ, ಬಿದಿರೆಲೆ, ಕೆಲವೊಮ್ಮೆ ಬರೀ ಚಂದ್ರ. ಕತ್ತಿಗಳು ಮೂಲೆ ಸೇರಿದ ಮೇಲೆ ಈ ತಟ್ಟೆಗಳು ಬಿಡಿಬಿಡಿಯಾಗಿ ಪ್ರಪಂಚವೆಲ್ಲ ಸುತ್ತಿದವು. ಟೆಕ್ಸಾಸಿಗೂ ಬಂದವು. ಅವುಗಳ ಹಿಂದೆಯೇ ನಕಲಿಗಳೂ ಬಂದವು, ಅಸಲಿಗಿಂತ ಹೆಚ್ಚಾಗಿ.

ನಾನು ಮೈಸೂರಿನಲ್ಲಿ ಲೋಹಶಾಸ್ತ್ರ ಓದಿದವಳು. ಅದನ್ನೇ ಮುಂದುವರಿಸಲು ಆಸ್ಟಿನ್ನಿಗೆ ಬಂದೆ. ಹುಬ್ಬಳ್ಳಿಯ ಇವನು ಅದೇ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರ್ ಓದುತ್ತಿದ್ದ. ಪರಿಚಯವಾಯಿತು, ಎರಡೂ ಮನೆಯವರು ಒಂದಿಷ್ಟು ದಿನ ಮುಖ ಊದಿಸಿಕೊಂಡರು, ಮದುವೆಯಾಯಿತು. ಓದು ಮುಗಿದಾಗ ವೀಸಾ ಕೊಡಿಸುವ ಕೆಲಸ ಬೇಕಿತ್ತು. ಕಬ್ಬಿಣ ಬಲ್ಲವಳಿಗೆ ಯಾರೂ ಅದನ್ನು ಕೊಡಿಸಲಿಲ್ಲ. ಡಾಲಸ್ಸಿನ ಹೊರವಲಯದ ಲಾಸ್ ಕೊಲಿನಾಸಿನ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡಲು ಸೇರಿಕೊಂಡೆ. ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ಹುಡುಕಿದರೆ ಬರೆದವರಿಗೆ ಕೋಪ, ಹುಡುಕದಿದ್ದರೆ ಮ್ಯಾನೇಜರಿಗೆ ಕೋಪ. ತಾತ್ಕಾಲಿಕ ಎಂದುಕೊಂಡು ಸೇರಿದ್ದು, ಅದರಲ್ಲೇ ತಲೆ ನರೆಯಿತು. ಅಲ್ಲೇ ಹತ್ತಿರದ ಮೆಕಿನ್ನಿಯಲ್ಲಿ ಮನೆಯಾಯಿತು, ಮಗಳಾದಳು. ನನ್ನ ಕಬ್ಬಿಣ ಎಲ್ಲಿ ಹೋಯಿತು ಎಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಅದು ಮತ್ತೆ ಸಿಕ್ಕಿದ್ದು ಡಾಲಸ್ಸಿನ ಒಂದು ಹಳೆ ಆಯುಧಗಳ ಮೇಳದಲ್ಲಿ. ಗಂಡನ ಸ್ನೇಹಿತನೊಬ್ಬನಿಗೆ ಬಂದೂಕು ನೋಡಬೇಕಿತ್ತು. ಮನೆಮಂದಿಯೆಲ್ಲ ಪಿಕ್ನಿಕ್ಕಿಗೆ ಹೊರಟವರಂತೆ ಹೊರಟೆವು. ಗಂಡಸರು ಬಂದೂಕಿನ ಮೇಜುಗಳ ಸುತ್ತ ಜೊಲ್ಲು ಸುರಿಸುತ್ತಿದ್ದಾಗ ನಾನು ಒಂದು ಮೂಲೆಯ ಮೇಜಿನ ಮುಂದೆ ನಿಂತೆ. ಹಸಿರು ಬಟ್ಟೆಯ ಮೇಲೆ ಕಬ್ಬಿಣದ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದನ್ನು ಎತ್ತಿ ಓರೆ ಮಾಡಿ ನೋಡಿದೆ. ಕೊರೆದ ಚಿತ್ತಾರದ ಒಳಗೋಡೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಓಡಿತ್ತು. ಅಚ್ಚಿನ ಎರಡು ಭಾಗ ಕೂಡಿದ ಕಡೆ ಉಳಿಯುವ ಗೆರೆ. ಅಸಲಿ ತಟ್ಟೆಯನ್ನು ಬಡಿದು ಮಾಡುತ್ತಾರೆ, ಅಚ್ಚಿನಲ್ಲಿ ಹೊಯ್ಯುವುದು ನಕಲಿಯನ್ನು. "ಇದು ಎರಕದ್ದು" ಎಂದುಬಿಟ್ಟೆ, ಸ್ವಲ್ಪ ಗಟ್ಟಿಯಾಗಿಯೇ. ಮಾರುತ್ತಿದ್ದವನ ಮುಖ ಸುಟ್ಟ ಬದನೆಕಾಯಿಯಾಯಿತು. ಪಕ್ಕದ ಮೇಜಿನ ಹಿಂದೆ ಕೂತಿದ್ದ ಒಬ್ಬ ಅಮೆರಿಕನ್ ಮುದುಕರು ಜೋರಾಗಿ ನಕ್ಕರು. "ಬಾ ಇಲ್ಲಿ. ಇದರಲ್ಲಿ ಯಾವುದು ಎರಕ ಹೇಳು ನೋಡೋಣ" ಎಂದು ತಮ್ಮ ಪೆಟ್ಟಿಗೆ ತೆರೆದರು.

ಅವರು ಆಸ್ಟಿನ್ನಿನವರು, ನಿವೃತ್ತರಾದ ದಂತವೈದ್ಯರು. ನಾನು ಕೊನೆಯವರೆಗೂ ಡಾಕ್ಟರ್ ಎಂದೇ ಕರೆದೆ. ಹಲ್ಲಿಗೆ ಲೋಹದ ಟೊಪ್ಪಿ ಎರಕ ಹೊಯ್ದು ಹೊಯ್ದು ಎರಕದ ಕಳ್ಳಾಟಗಳನ್ನೆಲ್ಲ ಅರೆದು ಕುಡಿದವರು. ನಮ್ಮ ಕಂಪನಿಗೆ ಆಸ್ಟಿನ್ನಿನ ಡೊಮೇನ್ ಎಂಬ ಬಡಾವಣೆಯಲ್ಲಿ ಇನ್ನೊಂದು ಆಫೀಸಿತ್ತು. ಯಾರಾದರೂ ಅಲ್ಲಿಗೆ ಹೋಗಿಬರಬೇಕೆಂದರೆ ನಾನೇ ಕೈ ಎತ್ತುತ್ತಿದ್ದೆ. ಆಫೀಸು ಮುಗಿಸಿ ಡಾಕ್ಟರ ಮನೆಗೆ ಹೋಗಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಬೆಳಕಿರುವ ತನಕ ಕಬ್ಬಿಣ ನೋಡುವುದು. ಆ ಸಂಜೆಗಳಷ್ಟು ಸಂತೋಷ ನನಗೆ ಈ ದೇಶದಲ್ಲಿ ಇನ್ನೆಲ್ಲೂ ಸಿಗಲಿಲ್ಲ.

"ಮೊದಲು ಹೆಸರು ನೋಡಬೇಡ" ಎನ್ನುವುದು ಅವರು ಕಲಿಸಿದ ಮೊದಲ ಪಾಠ. ಸೀಳಿನ ಪಕ್ಕದಲ್ಲಿ ಕಮ್ಮಾರ ತನ್ನ ಹೆಸರು ಕೊರೆದಿರುತ್ತಾನೆ. ಕಳ್ಳನೂ ಮೊದಲು ಕೊರೆಯುವುದು ಅದನ್ನೇ, ಅದೂ ಬಹಳ ದೊಡ್ಡ ಹೆಸರನ್ನು. ಹಾಗಾಗಿ ಮೊದಲು ಅಂಚು ನೋಡಬೇಕು. ಸುತ್ತಿಗೆಯಲ್ಲಿ ಬಡಿದು ಮಾಡಿದ ಕಬ್ಬಿಣವಾದರೆ ಅಂಚಿನಲ್ಲಿ ಅಲ್ಲಲ್ಲಿ ಗಂಟುಗಳು ಬೆರಳಿಗೆ ತಾಕುತ್ತವೆ. ಆಮೇಲೆ ಚಿತ್ತಾರದ ಒಳಗೋಡೆ: ಅರ ಹಾಕಿ ಉಜ್ಜಿದ ಗುರುತಿದೆಯೋ, ಅಚ್ಚಿನಿಂದ ಬಂದ ನುಣುಪಿದೆಯೋ? ಆಮೇಲೆ ಸೀಳು: ಅಲಗಿಗೆ ಬಿಗಿಯಾಗಿ ಕೂರಲೆಂದು ಚಾಣದಿಂದ ಹೊಡೆದ ಕಚ್ಚುಗಳು. ಕತ್ತಿಯ ಮೇಲೆ ಒಮ್ಮೆಯೂ ಕೂರದ ತಟ್ಟೆಗೆ ಆ ಕಚ್ಚುಗಳ ಹಂಗಿಲ್ಲ.

ಎಲ್ಲಕ್ಕಿಂತ ಮೇಲೆ, ತುಕ್ಕು. ಹೊಸ ತುಕ್ಕು ಕಿತ್ತಳೆ ಬಣ್ಣದ್ದು, ಬೆರಳಿಗೆ ಪುಡಿ ಹತ್ತುತ್ತದೆ. ತಲೆಮಾರುಗಳ ಕಾಲ ಕೈಯಲ್ಲಿ ಆಡಿ, ಬಟ್ಟೆಯಲ್ಲಿ ತಿಕ್ಕಿಸಿಕೊಂಡು ಬಂದ ತುಕ್ಕು ಬೇರೆಯೇ. ಕಪ್ಪೂ ಅಲ್ಲ, ಕಂದೂ ಅಲ್ಲ, ನೇರಳೆ ಹಣ್ಣಿನ ಸಿಪ್ಪೆಯ ಹತ್ತಿರದ ಬಣ್ಣ. ಮುಟ್ಟಿದರೆ ತಣ್ಣಗೆ, ನಯವಾಗಿ ಇರುತ್ತದೆ. ಡಾಕ್ಟರ್ ಅದನ್ನು ಚರ್ಮ ಎನ್ನುತ್ತಿದ್ದರು. ಮದ್ದು ಹಚ್ಚಿ ಕಪ್ಪು ಬಣ್ಣ ಬರಿಸಬಹುದು, ಚರ್ಮ ಬರಿಸಲಾಗುವುದಿಲ್ಲ. ಆ ಚರ್ಮ ಹೋದರೆ ತಟ್ಟೆಯ ಕಥೆ ಮುಗಿಯಿತು, ಯಾವ ಪರಿಣತನೂ ಅದಕ್ಕೆ ಅಸಲಿ ಎಂಬ ಕಾಗದ ಕೊಡುವುದಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರು ತಾಕಿಸಬೇಡಿ ಎಂದು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ ಮಗಳು ನನ್ನ ದನಿಯನ್ನೇ ಅಣಕಿಸುತ್ತಿದ್ದಳು.

ಅಷ್ಟರಲ್ಲಿ ಡಾಕ್ಟರ ಕಣ್ಣು ಹೋಗತೊಡಗಿತು. ನೋಟದ ನಡುಭಾಗ ಮಸುಕಾಗಿ ಅಂಚು ಮಾತ್ರ ಉಳಿಯುವ ಕಾಯಿಲೆ. "ನಿನ್ನ ಮುಖ ಕಾಣಬೇಕೆಂದರೆ ನಾನು ನಿನ್ನ ಕಿವಿ ನೋಡಬೇಕು" ಎನ್ನುತ್ತಿದ್ದರು. ಆಮೇಲಾಮೇಲೆ ಅವರು ಮುಟ್ಟುವುದು, ನಾನು ನೋಡಿ ಹೇಳುವುದು ಎಂದಾಯಿತು. ಬಣ್ಣ ಹೇಗಿದೆ ಎಂದು ಕೇಳುವರು. ನಾನು ಹೇಳುವೆ. ನಾನು ಹೇಳಿದ್ದನ್ನು ಅವರು ಪೂರ್ತಿ ನಂಬುತ್ತಿದ್ದರು. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಯಾರೂ ಹಾಗೆ ನಂಬಿದವರಿರಲಿಲ್ಲ.

ಒಂದು ತಟ್ಟೆಯ ವಿಷಯದಲ್ಲಿ ಮಾತ್ರ ನಂಬುತ್ತಿರಲಿಲ್ಲ. ಅದು ಅವರ ಅಪ್ಪನದು. ಅಪ್ಪ ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನಿಕನಾಗಿ ಜಪಾನಿನಲ್ಲಿ ಸ್ವಲ್ಪ ಕಾಲ ಇದ್ದವರು. ಒಂದು ಹಳ್ಳಿಯ ಮನೆಯವರು ಜ್ವರದಲ್ಲಿ ಮಲಗಿದ್ದ ಮಗುವಿಗೆ ಅವರಿಂದ ಔಷಧ ಪಡೆದು, ಪ್ರತಿಯಾಗಿ ಕೊಟ್ಟದ್ದು ಎಂದು ಹೇಳುತ್ತಿದ್ದರಂತೆ. ಹಾರುವ ಎರಡು ಹಕ್ಕಿಗಳನ್ನು ಕೊರೆದ ಸಾದಾ ತಟ್ಟೆ, ಹೆಸರಿಲ್ಲ. ಡಾಕ್ಟರ್ ಆಗಷ್ಟೇ ಓದು ಮುಗಿಸಿ, ಎರಕ ಕಲಿತು, ತ್ಸುಬಾಗಳ ಹುಚ್ಚು ಹತ್ತಿಸಿಕೊಂಡಿದ್ದ ಕಾಲ. ಒಂದು ಹಬ್ಬದ ಊಟದಲ್ಲಿ ನೆಂಟರ ಮುಂದೆಯೇ ಅದನ್ನು ತಿರುಗಿಸಿ ನೋಡಿ, "ಇದು ಎರಕ, ಬಂದರಿನ ಅಂಗಡಿಯಲ್ಲಿ ಪ್ರವಾಸಿಗಳಿಗೆ ಮಾರುವಂಥದ್ದು" ಎಂದರಂತೆ. ಅಂದರೆ ಹಳ್ಳಿಯೂ ಸುಳ್ಳು, ಮಗುವೂ ಸುಳ್ಳು. ಅಪ್ಪ ತಟ್ಟೆಯನ್ನು ಕೈಯಿಂದ ತೆಗೆದುಕೊಂಡು ಎದ್ದು ಹೋದರು. ಸಾಯುವ ತನಕ ಆ ಹಳ್ಳಿಯ ಮಾತು ಮತ್ತೆ ಎತ್ತಲಿಲ್ಲ.

"ಡಾಕ್ಟರ್, ಇದು ಬಡಿದದ್ದೇ ಅನ್ನಿಸುತ್ತೆ" ಎಂದು ನಾನು ಹೇಳಿದಾಗಲೆಲ್ಲ ಅವರು ತಲೆಯಾಡಿಸಿ, "ಆತುರಪಡುತ್ತೀಯ. ಒಳಗೋಡೆ ಮತ್ತೆ ನೋಡು" ಎನ್ನುತ್ತಿದ್ದರು. ಅದರ ಚರ್ಮ ಎಷ್ಟು ದಟ್ಟವಾಗಿತ್ತೆಂದರೆ ಒಳಗೋಡೆಯ ಗುರುತುಗಳೆಲ್ಲ ಮುಚ್ಚಿಹೋಗಿದ್ದವು. ಖಚಿತವಾಗಿ ಹೇಳಲು ನನಗೂ ಆಗುತ್ತಿರಲಿಲ್ಲ. ಶಿಷ್ಯೆಗೆ ಸಲಿಗೆ ಕೊಡದ ಗುರುವಿನ ಬಿಗಿ ಇದು ಎಂದೇ ತಿಳಿದಿದ್ದೆ.

ಆ ವರ್ಷ ದಸರೆಯ ಮರುವಾರ ಜಪಾನಿನಿಂದ ಪರೀಕ್ಷಕರ ತಂಡವೊಂದು ಹ್ಯೂಸ್ಟನ್ನಿಗೆ ಬರುವುದಿತ್ತು. ತಟ್ಟೆಯನ್ನು ಅವರ ಮುಂದಿಟ್ಟರೆ ನೋಡಿ, ಅಸಲಿಯಾದರೆ ಕಾಗದ ಬರೆದುಕೊಡುತ್ತಾರೆ. ಅವರ ಮಾತಿನ ಮೇಲೆ ಮಾತಿಲ್ಲ. ಡಾಕ್ಟರ್ ಅಪ್ಪನ ತಟ್ಟೆಯನ್ನು ಒಂದು ಮರದ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು.

"ನೀವೂ ಬನ್ನಿ, ನಾನೇ ಕರೆದುಕೊಂಡು ಹೋಗ್ತೀನಿ" ಎಂದೆ.

"ಬೇಡ. ನನಗೆ ಕೊನೆಯ ಮಾತು ಒಂದು ತಿಳಿದರೆ ಸಾಕು. ಕಣ್ಣು ಪೂರ್ತಿ ಹೋಗುವ ಮೊದಲು ಇದು ತೀರ್ಮಾನ ಆಗಲಿ."

ಡಬ್ಬಿ ನಮ್ಮ ಮನೆಗೆ ಬಂತು. ಆಗ ಅತ್ತೆ ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆಗಿದ್ದರು. ಒಳ್ಳೆಯ ಜೀವ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ಅವರನ್ನು ಬೈಯುವವರಿದ್ದಾರೆ. ಈ ಮನೆಯಲ್ಲಿ ನನ್ನ ತಟ್ಟೆಗಳ ಬಗ್ಗೆ ಕೂತು ಕೇಳಿದವರು ಅವರೊಬ್ಬರೇ. ಡಬ್ಬಿ ತೆಗೆದು ತೋರಿಸಿದೆ. "ಅತ್ತೆ, ಇದು ಕತ್ತಿಯದು. ತುಂಬಾ ಹಳೇದು. ಇದರ ಕತ್ತಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ."

"ಖಂಡೇದ್ದೇನವಾ?" ಎಂದು ಕೇಳಿ, ಸೆರಗಿನಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಅವರ ತವರಿನಲ್ಲಿ ಒಂದು ಹಳೆಯ ಖಡ್ಗ ಇತ್ತಂತೆ. ಮಹಾನವಮಿಗೆ ಖಂಡೆ ಪೂಜೆ. ಹುಡುಗಿಯಾಗಿದ್ದಾಗ ಅದನ್ನು ತಿಕ್ಕಿ ತೊಳೆಯುವ ಕೆಲಸ ಅವರದೇ. ಮುಖ ಕಾಣುವಷ್ಟು ಹೊಳೆಯದಿದ್ದರೆ ಅವರಜ್ಜಿ ಮತ್ತೆ ತಿಕ್ಕಿಸುತ್ತಿದ್ದರಂತೆ. ಹೇಳುತ್ತಾ ಅವರ ಕಣ್ಣು ತುಂಬಿತು. ನನಗೂ ಮನಸ್ಸು ತುಂಬಿ ಬಂತು. ಜಪಾನಿನ ಕಮ್ಮಾರನ ಕೆಲಸವನ್ನು ಕಣ್ಣಿಗೊತ್ತಿಕೊಂಡರಲ್ಲ ಎಂದು. ಡಬ್ಬಿಯನ್ನು ಬಟ್ಟೆಯ ಕಪಾಟಿನ ಮೇಲಿನ ಅರೆಯಲ್ಲಿಟ್ಟು ಆಸ್ಟಿನ್ ಆಫೀಸಿಗೆ ಹೋದೆ.

ಇಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೆ ಜಾರುತ್ತವೆ. ಆಯುಧಪೂಜೆಯೂ ಅಷ್ಟೆ. ಶನಿವಾರ ಬೆಳಿಗ್ಗೆ ಆಸ್ಟಿನ್ನಿಂದ ಡ್ರೈವ್ ಮಾಡಿಕೊಂಡು ಬಂದಾಗ ಗರಾಜಿನ ಬಾಗಿಲು ತೆರೆದಿತ್ತು. ಗಂಡನ ಕಾರಿಗೆ ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಮಣೆಯ ಮೇಲೆ ಹುಲ್ಲು ಕತ್ತರಿಸುವ ಮೆಷಿನ್ನಿನ ಬ್ಲೇಡು, ಡ್ರಿಲ್ಲು, ಈಳಿಗೆ, ಅಡುಗೆಮನೆಯ ಚಾಕುಗಳು, ಮಗಳ ಲ್ಯಾಪ್‌ಟಾಪು. ಎಲ್ಲದರ ನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ, ಬೆಳ್ಳಿ ತಟ್ಟೆಯ ಮೇಲೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಎರಡು ಹಕ್ಕಿಗಳು ಥಳಥಳ ಹೊಳೆಯುತ್ತಿದ್ದವು.

ಮೊದಲು ಗುರುತೇ ಸಿಗಲಿಲ್ಲ. ಯಾವುದೋ ಹೊಸ ಸ್ಟೀಲ್ ಬಿಲ್ಲೆ ಎಂದುಕೊಂಡೆ.

"ಬಂದೇನವಾ? ಬಾ, ನಿನಗ ಕಾಯಾಕತ್ತಿದ್ವಿ" ಎಂದರು ಅತ್ತೆ. "ಖಂಡೇದ್ದು ಅಂದಿದ್ದಿ. ಹಂಗ ತುಕ್ಕು ಹಿಡದದ್ದನ್ನ ದೇವರ ಮುಂದ ಹ್ಯಾಂಗ ಇಡೂದು? ರಾತ್ರಿಪೂರಾ ಹುಣಸಿಹಣ್ಣು, ಉಪ್ಪಿನ್ಯಾಗ ನೆನಿಯಾಕ ಇಟ್ಟೆ. ಮುಂಜಾನೆದ್ದು ತಂತಿ ಬ್ರಶ್ಶಿನ್ಯಾಗ ತಿಕ್ಕೀನಿ. ಎಂಥಾ ತುಕ್ಕವಾ ಅದು! ಕೈ ನೋಡಿಲ್ಲೆ." ಬೆರಳ ತುದಿಗಳು ಕೆಂಪಗೆ ಸುಲಿದಿದ್ದವು.

"ಅಮ್ಮಾ, ಅಜ್ಜಿ ಮೇಡ್ ಇಟ್ ಲುಕ್ ಬ್ರ್ಯಾಂಡ್ ನ್ಯೂ!" ಎಂದಳು ಮಗಳು.

ನಾನು ಗಂಡನ ಮುಖ ನೋಡಿದೆ. ಕಪಾಟಿನ ಆ ಅರೆ ಅತ್ತೆಗೆ ಎಟುಕುವುದಿಲ್ಲ. ಅವನನ್ನು ಅಡುಗೆಮನೆಗೆ ಕರೆದೆ.

"ಡಬ್ಬಿ ತೆಗೆದುಕೊಟ್ಟಿದ್ದು ನೀನಾ?"

"ಹೌದು. ಅವ್ವ ಕೇಳಿದ್ಲು, ಕೊಟ್ಟೆ."

"ಅದನ್ನ ತೊಳೀಬಾರದು ಅಂತ ನಿನಗೆ ಗೊತ್ತಿರಲಿಲ್ವಾ? ಒಂದೇ ಒಂದು ಸಲಾನಾ ನಾನು ಹೇಳಿರೋದು?"

"ಗೊತ್ತಿತ್ತು. ಅವ್ವ ಅಷ್ಟ್ ಖುಷೀಲೆ ಮಾಡಾಕತ್ತಿದ್ಲು. ಬ್ಯಾಡ ಅನ್ನಾಕ ಮನಸಾಗಲಿಲ್ಲ. ಒಂದು ವಾಶರ್ ತೊಳೆದ್ರ ಏನಾಗ್ತೈತಿ, ಹೇಳು? ಪ್ರಪಂಚ ಮುಳುಗ್ತೈತೇನು?"

ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೆ ಗೊತ್ತಿತ್ತು. ಇವತ್ತಿಗೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಆ ಒಂದು ಮಾತು. ಗೊತ್ತಿಲ್ಲದೆ ಕೊಟ್ಟಿದ್ದರೆ ಯಾವತ್ತೋ ಮರೆಯುತ್ತಿದ್ದೆ. ನಾನು ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು, ಅರ್ಥವೂ ಆಗಿತ್ತು. ನನ್ನ ಮಾತಿಗೆ ತೂಕವಿರಲಿಲ್ಲ, ಅಷ್ಟೆ.

ಗಲಾಟೆ ಕೇಳಿ ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು. ಕೈಯಲ್ಲಿ ಇನ್ನೂ ಕರ್ಪೂರದ ಆರತಿ ಇತ್ತು. "ತಪ್ಪಾತೇನವಾ?" ಎಂದರು, ಸಣ್ಣ ದನಿಯಲ್ಲಿ.

ಆ ಸುಲಿದ ಬೆರಳುಗಳನ್ನು ನೋಡಿ ಏನು ಹೇಳುವುದು? "ಇಲ್ಲ ಅತ್ತೆ. ಚೆನ್ನಾಗಾಗಿದೆ" ಎಂದೆ. ಆರತಿ ತೆಗೆದುಕೊಂಡೆ. ನಿಂಬೆಹಣ್ಣಿನ ಮೇಲೆ ಕಾರು ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಎಲ್ಲರೂ ಹೋಳಿಗೆ ಉಂಡು ಮಲಗಿದಾಗ ತಟ್ಟೆಯನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಚರ್ಮ ಪೂರ್ತಿ ಹೋಗಿತ್ತು. ಅದರ ಕೆಳಗಿದ್ದದ್ದನ್ನು ಈಗ ಕಂಡೆ. ಗೆರೆಗಳು. ಒಂದರ ಪಕ್ಕ ಒಂದು, ಸಾಗುವಾನಿ ಹಲಗೆಯ ಗೆರೆಗಳ ಹಾಗೆ, ಅಂಚಿನ ತುಂಬ, ಹಕ್ಕಿಗಳ ರೆಕ್ಕೆಯ ತುಂಬ. ಕಬ್ಬಿಣವನ್ನು ಕಾಯಿಸಿ, ಮಡಿಸಿ, ಬಡಿದು, ಮತ್ತೆ ಮಡಿಸಿದರೆ ಬರುವ ಪದರಗಳು. ಲ್ಯಾಬಿನಲ್ಲಿ ನಾವು ಆಮ್ಲ ಹಾಕಿ ಲೋಹದ ಒಳಗಿನ ಕಟ್ಟನ್ನು ಮೇಲೆ ತರುತ್ತಿದ್ದೆವು. ಹುಣಸೆಹಣ್ಣೂ ಆಮ್ಲವೇ. ಅತ್ತೆ ರಾತ್ರಿಪೂರ್ತಿ ನೆನೆಸಿ ಮಾಡಿದ್ದು ಅದೇ ಪರೀಕ್ಷೆ. ಯಾವ ತಟ್ಟೆಗೂ ಯಾರೂ ಮಾಡಬಾರದ ಪರೀಕ್ಷೆ, ಏಕೆಂದರೆ ಅದರ ಉತ್ತರ ಸಿಗುವ ಹೊತ್ತಿಗೆ ತಟ್ಟೆ ಹಾಳಾಗಿರುತ್ತದೆ.

ಎರಕ ಹೊಯ್ದ ಕಬ್ಬಿಣದಲ್ಲಿ ಪದರ ಬರುವುದಿಲ್ಲ. ಡಾಕ್ಟರ ಅಪ್ಪನ ತಟ್ಟೆ ಅಸಲಿ.

ಡಾಕ್ಟರಿಗೆ ಫೋನಿನಲ್ಲಿ ಹೇಳುವ ವಿಷಯ ಇದಲ್ಲ ಎಂದುಕೊಂಡು ಹ್ಯೂಸ್ಟನ್ನಿಗೆ ಹೋದೆ. ಪರೀಕ್ಷಕರಾದರೂ ಒಂದು ಮಾತು ಬರೆದುಕೊಟ್ಟರೆ ಆ ಕಾಗದ ಹಿಡಿದು ಮುಖ ತೋರಿಸಬಹುದು ಎಂಬ ಆಸೆ. ಹೋಟೆಲಿನ ಹಾಲಿನಲ್ಲಿ ಸರತಿ. ಎಲ್ಲರ ಮಡಿಲಲ್ಲೂ ಡಬ್ಬಿಗಳು, ಜಾತಕ ಹಿಡಿದು ಕೂತವರಂತೆ. ನನ್ನ ಸರದಿ ಬಂದಾಗ ಹಿರಿಯ ಪರೀಕ್ಷಕರು ಡಬ್ಬಿ ತೆರೆದು ನೋಡಿದರು. ಆಮೇಲೆ ಎತ್ತಿ ದೀಪದ ಕೆಳಗೆ ಹಿಡಿದರು. ಪಕ್ಕದವರನ್ನು ಕರೆದು ಅಂಚು ತೋರಿಸಿದರು. ಇಬ್ಬರೂ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ದುಭಾಷಿ ಹೆಂಗಸು ಸುಮ್ಮನೆ ನೆಲ ನೋಡುತ್ತಿದ್ದಳು. ಹಕ್ಕಿಯ ರೆಕ್ಕೆಯ ಸಂದಿಯಲ್ಲಿ ಉಳಿದಿದ್ದ ಕೆಂಪನ್ನು ತೋರಿಸಿ ಅವರು ಏನೋ ಕೇಳಿದರು.

"ಇದು ತುಕ್ಕು ತೆಗೆಯುವ ಮದ್ದೇ ಅಂತ ಕೇಳ್ತಿದಾರೆ" ಎಂದಳು ದುಭಾಷಿ.

"ಅಲ್ಲ. ಅದು ಕುಂಕುಮ. ದೇವರಿಗೆ ಹಚ್ಚೋದು. ಇದಕ್ಕೆ ಪೂಜೆ ಮಾಡಿದರು."

ಅವಳು ಹೇಳಿದಳು. ಪರೀಕ್ಷಕರು ನನ್ನ ಮುಖವನ್ನು ಮೊದಲ ಸಲ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು. ಬಡಿದದ್ದು ಹೌದು, ಹಳೆಯದು ಹೌದು, ಒಳ್ಳೆಯ ಕೈಯ ಕೆಲಸ, ಈಗಿನ ಸ್ಥಿತಿಯಲ್ಲಿ ಕಾಗದ ಬರೆಯಲು ಬರುವುದಿಲ್ಲ, ಎಂದಳು ದುಭಾಷಿ. ಹೊರಗೆ ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಮರುದಿನ ಹ್ಯೂಸ್ಟನ್ನಿಂದ ಆಸ್ಟಿನ್ನಿಗೆ ಹೋಗುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಕೆಟ್ಟದ್ದು ಮೊದಲು ಹೇಳಬೇಕು. ಕ್ಷಮೆ ಕೇಳಬೇಕು. ಆಮೇಲೆ ಒಳ್ಳೆಯದು: ನಿಮ್ಮ ಅಪ್ಪ ಸುಳ್ಳು ಹೇಳಿರಲಿಲ್ಲ. ಕಾಗದ ಇಲ್ಲದಿದ್ದರೇನು, ಮುದುಕರಿಗೆ ಬೇಕಾದದ್ದು ಈ ಒಂದು ಮಾತಲ್ಲವೇ? ಅದನ್ನು ಕೇಳಿದಾಗ ಅವರ ಮುಖ ಹೇಗೆ ಅರಳಬಹುದು ಎಂದು ಕಲ್ಪಿಸಿಕೊಂಡು ಸ್ವಲ್ಪ ಧೈರ್ಯ ತಂದುಕೊಂಡೆ.

ಕಿಟಕಿಯ ಮೇಜಿನ ಮುಂದೆ ಅವರು ಕಾಯುತ್ತಿದ್ದರು. ಡಬ್ಬಿ ತೆರೆದು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳು ಒಂದು ಸುತ್ತು ಹಾಕಿತು, ನಿಂತಿತು.

"ಚರ್ಮ ಇಲ್ಲ" ಎಂದರು.

ಎಲ್ಲ ಹೇಳಿದೆ. ಖಂಡೆ ಪೂಜೆ, ಹುಣಸೆಹಣ್ಣು, ಅತ್ತೆಯ ಬೆರಳು, ಗಂಡ ಡಬ್ಬಿ ತೆಗೆದುಕೊಟ್ಟದ್ದು. ಮುಗಿದ ಮೇಲೆ ಎಂದಿನ ಹಾಗೆ ಕೇಳಿದರು: "ಬಣ್ಣ ಹೇಗಿದೆ?"

"ನಮ್ಮ ಮನೆಯ ಸ್ಟೀಲ್ ಲೋಟದ ಹಾಗಿದೆ." ಅವರ ಬೆರಳನ್ನು ಅಂಚಿನ ಕಡೆ ತಿರುಗಿಸಿದೆ. "ಡಾಕ್ಟರ್, ಗೆರೆಗಳಿವೆ. ಉಗುರಲ್ಲಿ ನೋಡಿ, ಅಂಚಿನ ಮೇಲೆ. ಪದರ ಪದರ. ಹ್ಯೂಸ್ಟನ್ನಿನಲ್ಲಿ ಅವರೂ ಹೇಳಿದರು. ಬಡಿದದ್ದು. ಹಳೇದು. ನಿಮ್ಮ ಅಪ್ಪ ಹೇಳಿದ್ದು ನಿಜ ಇರಬೇಕು."

ಅವರು ಉಗುರನ್ನು ಅಂಚಿನ ಮೇಲೆ ನಿಧಾನವಾಗಿ ಎಳೆದರು. ಒಮ್ಮೆ, ಮತ್ತೊಮ್ಮೆ. ಎರಕದಲ್ಲಿ ಪದರ ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲ ಬೆರಳು. ನಾನು ಮುಖವನ್ನೇ ನೋಡುತ್ತಿದ್ದೆ. ಅದು ಅರಳಲಿಲ್ಲ. ಒಳಗಿನಿಂದ ಯಾರೋ ದೀಪ ಆರಿಸಿದಂತಾಯಿತು.

"ಎರಕ ಅಂತ ಹೇಳ್ತಾರೆ ಅಂದುಕೊಂಡಿದ್ದೆ" ಎಂದರು. "ಹೇಳಲಿ ಅಂತ ಬೇಡಿಕೊಂಡಿದ್ದೆ."

ನನಗೆ ಅರ್ಥವಾಗಲಿಲ್ಲ. ಆಮೇಲೆ ಒಮ್ಮೆಲೇ ಅರ್ಥವಾಯಿತು. ಆತುರಪಡಬೇಡ, ಒಳಗೋಡೆ ಮತ್ತೆ ನೋಡು ಎಂದು ಅವರು ಅಷ್ಟು ಸಲ ಹೇಳಿದ್ದು ಶಿಷ್ಯೆಯನ್ನು ತಿದ್ದಲು ಅಲ್ಲ. ಅದು ಎರಕವಾಗಿದ್ದರೆ, ಹಬ್ಬದ ಊಟದ ಮೇಜಿನಲ್ಲಿ ಅಪ್ಪನ ಮುಖಕ್ಕೆ ಅಂದದ್ದು ಒರಟಾದರೂ ನಿಜವಾದ ಮಾತಾಗುತ್ತಿತ್ತು. ಅಸಲಿಯಾಗಿದ್ದರೆ, ನಿಜ ಹೇಳಿದ ಅಪ್ಪನಿಗೆ ಸುಳ್ಳುಗಾರನ ಪಟ್ಟ ಕಟ್ಟಿದಂತಾಗುತ್ತದೆ ಎಂದು ಅವರಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಹ್ಯೂಸ್ಟನ್ನಿಗೆ ತಾವೇ ಬರಲೊಪ್ಪದಿದ್ದದ್ದು ಅದಕ್ಕೇ. ಆ ದಟ್ಟ ತುಕ್ಕಿನ ಹಿಂದೆ ಅವರು ಇಷ್ಟು ಕಾಲ ಬದುಕಿದ್ದರು. ನಾವು ಅದನ್ನು ತಿಕ್ಕಿ ತೆಗೆದಿದ್ದೆವು.

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ನನ್ನ ಕಣ್ಣನ್ನು ಅಷ್ಟು ನಂಬಿದವರು ಅದನ್ನೂ ನಂಬುತ್ತಿದ್ದರೋ ಏನೋ. ಅತ್ತೆಗೆ ಹೇಳಿದ್ದೆನಲ್ಲ, ಚೆನ್ನಾಗಾಗಿದೆ ಎಂದು. ಇವರಿಗೆ ಮಾತ್ರ ಸತ್ಯವನ್ನು ಹಬ್ಬದ ಸಿಹಿಯಂತೆ ಹೊತ್ತುಕೊಂಡು ಹೋಗಿದ್ದೆ.

ಅವರು ತಟ್ಟೆಯನ್ನು ತಡವಿ ಡಬ್ಬಿಯೊಳಗಿಟ್ಟರು, ಮುಚ್ಚಳ ಹಾಕಿದರು, ನನ್ನ ಕಡೆಗೆ ತಳ್ಳಿದರು.

"ನಿನ್ನ ಮನೆಯಲ್ಲಿರಲಿ."

"ಬೇಡ ಡಾಕ್ಟರ್. ನಿಮ್ಮ ಅಪ್ಪನದು."

"ಅದಕ್ಕೇ ಹೇಳ್ತಿದೀನಿ. ಈ ಮನೆಯಲ್ಲಿ ಅದಕ್ಕೆ ಯಾರೂ ಮರ್ಯಾದೆ ಕೊಡಲಿಲ್ಲ. ನಿನ್ನ ಅತ್ತೆ ಕೊಟ್ಟರು."

ಆಮೇಲೆಯೂ ಹೋದೆ. ಬಾಗಿಲು ತೆರೆದರು, ಕಾಫಿ ಕೊಟ್ಟರು, ಹವಾಮಾನದ ಬಗ್ಗೆ ಮಾತಾಡಿದರು. ಕಬ್ಬಿಣದ ಪೆಟ್ಟಿಗೆಗಳನ್ನು ಮತ್ತೆ ತೆಗೆಯಲಿಲ್ಲ. ಕೆಲವು ತಿಂಗಳಲ್ಲಿ ದೂರದಲ್ಲಿದ್ದ ತಮ್ಮ ಮಗಳ ಊರಿಗೆ ಶಿಫ್ಟ್ ಆದರು.

ನನ್ನ ಗಂಡನಿಗೆ ಊಟದ ಮೇಜಿಗೆ 'ವಾಶರ್' ಕಥೆಗಿಂತ ಒಳ್ಳೆಯ ಕಥೆ ಸಿಕ್ಕಿದೆ. "ಜಪಾನಿನವರಿಗೂ ಗೊತ್ತಾಗಲಿಲ್ಲ, ನಮ್ಮ ಅವ್ವ ಹುಣಸಿಹಣ್ಣು ಹಾಕಿ ಅಸಲಿ ಅಂತ ತೋರಿಸಿದ್ಲು" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನು ಈಗ ಹಲ್ಲು ಕಿರಿಯುವುದಿಲ್ಲ, ಎದ್ದು ಹೋಗುತ್ತೇನೆ. ಅವನ ಮಾತು ಪೂರ್ತಿ ಸುಳ್ಳೂ ಅಲ್ಲವಲ್ಲ ಎಂಬುದೇ ಇನ್ನೂ ಸಂಕಟ.

ಪ್ರತಿ ಮಹಾನವಮಿಗೆ ಅತ್ತೆ ಹುಬ್ಬಳ್ಳಿಯಿಂದ ವಿಡಿಯೋ ಕಾಲ್ ಮಾಡಿ ಕೇಳುತ್ತಾರೆ: "ಖಂಡೇದ ತಟ್ಟಿ ಇಟ್ಟೀದೇನವಾ ಪೂಜಿಗೆ?" ಇಟ್ಟಿದ್ದೀನಿ ಅತ್ತೆ ಎಂದು ತೋರಿಸುತ್ತೇನೆ. ಕುಂಕುಮ ನಾನೇ ಹಚ್ಚುತ್ತೇನೆ. ತೊಳೆಯುವುದಿಲ್ಲ, ಎಣ್ಣೆಯನ್ನೂ ಹಚ್ಚುವುದಿಲ್ಲ. ಹಕ್ಕಿಗಳ ರೆಕ್ಕೆಯ ಹತ್ತಿರ ಈಚೆಗೆ ತುಕ್ಕು ಶುರುವಾಗಿದೆ. ಕಿತ್ತಳೆ ಬಣ್ಣದ್ದು, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಅದು ನೇರಳೆ ಬಣ್ಣಕ್ಕೆ ತಿರುಗುವ ಹೊತ್ತಿಗೆ ನೋಡಲು ನಮ್ಮಲ್ಲಿ ಯಾರೂ ಇರುವುದಿಲ್ಲ.